ಎರಡೆಲೆಯ ಋಣ

ನಮ್ಮ ತಾಳವಾಡಿ ಸೀಮೆಯ ಜನ ಮನೆಯಲ್ಲಿ ಆಡೋದು ಕನ್ನಡ. ಹರಕೆ ಹೊರೋದು ಮಾದಪ್ಪನ ಬೆಟ್ಟಕ್ಕೆ, ಬಿಳಿಗಿರಿರಂಗನಿಗೆ. ಹೆಣ್ಣು ತರೋದು ಕೊಡೋದು ಹೆಚ್ಚಾಗಿ ಚಾಮರಾಜನಗರದ ಕಡೆಗೆ. ರಾಜಕುಮಾರ್ ಅವರು ನಮ್ಮ ಗಾಜನೂರಿನವರು, ಆ ಹೆಮ್ಮೆ ಬೇರೆ. ಆದರೆ ಓಟಿನ ದಿನ ಬಂದಾಗ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎರಡೆಲೆ ಬಿಟ್ಟು ಇನ್ನೊಂದು ಗುರುತಿಗೆ ಕೈ ಹೋಗಿದ್ದೇ ಇಲ್ಲ. ಆ ಎರಡೆಲೆಯ ನಾಯಕಿ ಜೈಲಿಗೆ ಹೋಗಿ ಬಂದರು. ಅವರ ಮೇಲೆ ಹದಿನೆಂಟು ವರ್ಷ ಕೇಸು ನಡೆಯಿತು. ನಮ್ಮ ಬೆಟ್ಟದ ಜನ ಅವರ ಆಳ್ವಿಕೆಯಲ್ಲಿ ಪಡಬಾರದ ಪಾಡು ಪಟ್ಟರು. ಆದರೂ ಓಟು ಕದಲಲಿಲ್ಲ.

ಇದು ಏಕೆ ಹೀಗಾಯಿತು ಅಂತ ಮೇಷ್ಟ್ರುಗಳು ವಾಚನಾಲಯದ ಜಗಲಿ ಮೇಲೆ ಕೂತು ಮಾತಾಡ್ತಾ ಇರ್ತಾರೆ. ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ, ದುಡ್ಡಿಗೆ, ಮಿಕ್ಸಿಗೆ ಓಟು ಮಾರಿಕೊಳ್ತಾರೆ ಅನ್ನೋದು ಅವರ ಮಾತು. ಟಿಪ್ಪು ಕಾಲದ ಚರಿತ್ರೆ, ಮೈಸೂರು ಅರಸರ ಚರಿತ್ರೆ ಬರೆಯೋಕೆ ಓದಿದವರಿದ್ದಾರೆ. ನಾನು ಏಳನೇ ಕ್ಲಾಸಿನವನು, ನಾನು ಕಂಡ ಕಾಲದ ಈ ಚರಿತ್ರೆಯನ್ನು ಬರೆಯುತ್ತೇನೆ. ತಿಳಿವಳಿಕೆ ಇಲ್ಲ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ನಮ್ಮ ಜನ ಲೆಕ್ಕ ಇಟ್ಟಿದ್ದರು. ಆ ಲೆಕ್ಕದಲ್ಲಿ ಯಾವುದನ್ನು ಯಾರ ಹೆಸರಿಗೆ ಬರೆದುಕೊಂಡರು ಅನ್ನೋದನ್ನ ನೋಡಬೇಕು.

ಮೊದಲು ನಾವು ತಮಿಳುನಾಡಿನವರಾದ ಸಂಗತಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಯಮತ್ತೂರು ಕಡೆಯ ಸೀಮೆ ಇಂಗ್ಲಿಷರ ಕೈಗೆ ಹೋಯಿತು, ಮದ್ರಾಸಿಗೆ ಸೇರಿತು. 1956ರಲ್ಲಿ ಭಾಷೆ ನೋಡಿ ರಾಜ್ಯ ಹಂಚಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಚಾಮರಾಜನಗರ ಬಯಲಿನ ಪಕ್ಕದಲ್ಲಿದೆ. ನಮ್ಮ ತಾಲೂಕು ಕಚೇರಿ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದಲ್ಲಿ. ಒಂದು ಸಹಿಗೆ ಒಂದು ದಿನ ಹೋಗೋದು. ಹೀಗೆ ಎರಡು ಕಡೆಗೂ ಪೂರಾ ಸೇರದ ಜನಕ್ಕೆ ಸರ್ಕಾರ ಅಂದರೆ ದೂರದ ಮಾತು. ಆ ಸರ್ಕಾರ ಮೊದಲು ಹಟ್ಟಿ ಬಾಗಿಲಿಗೆ ಬಂದದ್ದು ಅನ್ನದ ರೂಪದಲ್ಲಿ.

ಎಂ.ಜಿ.ಆರ್. 1972ರ ಅಕ್ಟೋಬರಿನಲ್ಲಿ ಅಣ್ಣಾ ಡಿ.ಎಂ.ಕೆ. ಕಟ್ಟಿದರು. 1977ರಲ್ಲಿ ಮುಖ್ಯಮಂತ್ರಿಯಾದರು. 1982ರ ಜುಲೈ 1ರಿಂದ ಸತ್ತುಣವು ಅಂತ ಮಕ್ಕಳ ಊಟದ ಯೋಜನೆ ಶುರುಮಾಡಿದರು. ಕಾಮರಾಜರ ಕಾಲದಲ್ಲೂ ಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಇತ್ತು, ಅದನ್ನ ಮರೆಯಬಾರದು. ಆದರೆ ಎಂ.ಜಿ.ಆರ್. ಅದನ್ನ ಊರೂರಿಗೆ, ಅಂಗನವಾಡಿ ಕೂಸಿನವರೆಗೆ ಮುಟ್ಟಿಸಿದರು. ಅಡುಗೆಗೆ, ಬಡಿಸೋಕೆ ಊರ ಹೆಂಗಸರನ್ನೇ ಕೆಲಸಕ್ಕೆ ತಗೊಂಡರು. ರಾಗಿ ಮುದ್ದೆಗೂ ತತ್ವಾರವಾದ ವರ್ಷಗಳಲ್ಲಿ ನಮ್ಮ ಮಕ್ಕಳು ಸ್ಕೂಲಿನಲ್ಲಿ ಬಿಸಿ ಅನ್ನ ಉಂಡರು. ಕನ್ನಡ ಮೀಡಿಯಂ ಮಕ್ಕಳು, ತಮಿಳು ಮೀಡಿಯಂ ಮಕ್ಕಳು ಅಂತ ಅನ್ನ ಭೇದ ಮಾಡಲಿಲ್ಲ. ಕನ್ನಡದಲ್ಲಿ ಅನ್ನದ ಋಣ ಅನ್ನೋ ಮಾತು ಎಷ್ಟು ಭಾರದ್ದು ಅಂತ ನಿಮಗೆ ಗೊತ್ತು. ಆ ಋಣ ಎರಡೆಲೆ ಗುರುತಿಗೆ ಅಂಟಿಕೊಂಡಿತು. ಜಯಲಲಿತಾ ಅವರಿಗೆ ನಮ್ಮ ಜನ ಹಾಕಿದ ಓಟಿನ ಬೇರು ಇದು. ಅವರು ಬರೋಕೆ ಮುಂಚೇನೇ ನೆಟ್ಟ ಗಿಡ.

ಇನ್ನು ಆಯಮ್ಮನ ಹುಟ್ಟು. 1948ರ ಫೆಬ್ರವರಿ 24, ಮೇಲುಕೋಟೆ. ಬೆಂಗಳೂರಿನ ಬಿಷಪ್ ಕಾಟನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಸ್ವಲ್ಪ ಕಾಲ ಓದಿದರು. 1964ರಲ್ಲಿ ಬಿ.ಆರ್. ಪಂತುಲು ಅವರ 'ಚಿನ್ನದ ಗೊಂಬೆ' ಅನ್ನೋ ಕನ್ನಡ ಚಿತ್ರಕ್ಕೆ ನಾಯಕಿಯಾದರು. ಇದನ್ನ ಹಿಡಿದುಕೊಂಡು ನಮ್ಮ ಕೆಲವರು, ಆಯಮ್ಮ ನಮ್ಮ ಕಡೆಯ ಹೆಣ್ಣು, ಅದಕ್ಕೇ ನಮ್ಮೋರು ಓಟು ಹಾಕ್ತಾರೆ ಅಂತಾರೆ. ನನಗೆ ನಂಬಿಕೆ ಇಲ್ಲ. ಆಯಮ್ಮ ತನ್ನನ್ನ ತಮಿಳತಿ ಅಂತಲೇ ಹೇಳಿಕೊಂಡವರು. ಕಾವೇರಿ ವಿಷಯದಲ್ಲಂತೂ ಕರ್ನಾಟಕದ ಜೊತೆ ಒಂದು ಹನಿಗೂ ರಾಜಿ ಆದವರಲ್ಲ. 1993ರ ಜುಲೈನಲ್ಲಿ ಮರೀನಾ ತೀರದ ಎಂ.ಜಿ.ಆರ್. ಸಮಾಧಿ ಹತ್ತಿರ ಕಾವೇರಿ ನೀರಿಗಾಗಿ ಉಪವಾಸ ಕೂತರು. 2013ರ ಫೆಬ್ರವರಿಯಲ್ಲಿ ಕಾವೇರಿ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬಂದಾಗ ಅದನ್ನ ತಮ್ಮ ಜೀವನದ ದೊಡ್ಡ ಗೆಲುವು ಅಂತ ಎಣಿಸಿದರು. ಕಾವೇರಿ ಗಲಾಟೆ ಆದಾಗೆಲ್ಲ ನಮಗೆ ಬಸ್ಸು ನಿಲ್ತದೆ. 1991ರ ಡಿಸೆಂಬರಿನಲ್ಲಿ ಬೆಂಗಳೂರು, ಮೈಸೂರು ಕಡೆ ತಮಿಳರಿಗೆ ಏಟು ಬಿದ್ದಾಗ ಇಲ್ಲಿ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ನಮಗೂ ಬೀಳ್ತದೆ ಅಂತ. ಹಾಗಾಗಿ ಭಾಷೆ ನೋಡಿ ಓಟು ಹಾಕಿದ್ದಲ್ಲ. ಭಾಷೆಯ ವಿಷಯದಲ್ಲಿ ನಮಗೆ ಎರಡು ಪಕ್ಷವೂ ಒಂದೇ. 2006ರಲ್ಲಿ ಡಿ.ಎಂ.ಕೆ. ಸರ್ಕಾರ ಒಂದನೇ ಕ್ಲಾಸಿನಿಂದ ತಮಿಳು ಕಡ್ಡಾಯ ಅಂತ ಕಾನೂನು ಮಾಡಿತು. ಆ ಮಕ್ಕಳು 2016ರಲ್ಲಿ ಹತ್ತನೇ ಕ್ಲಾಸಿಗೆ ಬಂದಾಗ ಇದ್ದದ್ದು ಅಣ್ಣಾ ಡಿ.ಎಂ.ಕೆ. ಸರ್ಕಾರ. ಇವರೂ ಕಾನೂನನ್ನ ತೆಗೆಯಲಿಲ್ಲ. ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋಗಿ ವಿನಾಯಿತಿ ತರಬೇಕಾಯಿತು.

ಋಣದ ಜೊತೆಗೆ ಇನ್ನೊಂದು ಸೇರಿಕೊಂಡಿತು. ಅದು ಅವಮಾನದ ಕಥೆ. 1987ರ ಡಿಸೆಂಬರ್ 24ರಂದು ಎಂ.ಜಿ.ಆರ್. ತೀರಿಕೊಂಡರು. ಹೆಣದ ಗಾಡಿ ಹತ್ತೋಕೆ ಹೋದ ಜಯಲಲಿತಾ ಅವರನ್ನ ತಳ್ಳಿ ಇಳಿಸಿದರು. ಪಕ್ಷ ಒಡೆಯಿತು. ಎರಡೆಲೆ ಗುರುತನ್ನ ಚುನಾವಣಾ ಆಯೋಗ ಯಾರಿಗೂ ಕೊಡದೆ ತಡೆಹಿಡಿಯಿತು. 1989ರಲ್ಲಿ ಎಂ.ಜಿ.ಆರ್. ಹೆಂಡತಿ ಜಾನಕಿಯಮ್ಮನವರ ಬಣ ಜೋಡಿ ಪಾರಿವಾಳದ ಗುರುತಿನಲ್ಲಿ ನಿಂತು 2 ಸೀಟು ಗೆದ್ದಿತು, ಇವರು ಹುಂಜದ ಗುರುತಿನಲ್ಲಿ 27 ಗೆದ್ದರು. ವಾರಸುದಾರ ಯಾರು ಅನ್ನೋದನ್ನ ಜನ ತೀರ್ಮಾನ ಮಾಡಿಬಿಟ್ಟರು. ಆಮೇಲೆ ಬಣಗಳು ಒಂದಾಗಿ ಎರಡೆಲೆ ವಾಪಸು ಬಂತು. ಅದೇ ವರ್ಷ ಮಾರ್ಚ್ 25ರಂದು ಬಜೆಟ್ ದಿನ ವಿಧಾನಸಭೆಯಲ್ಲಿ ಗದ್ದಲ ಆಯಿತು. ತಲೆ ಕೆದರಿ, ಸೀರೆ ಅಸ್ತವ್ಯಸ್ತವಾಗಿ ಆಯಮ್ಮ ಹೊರಗೆ ಬಂದರು. ತನ್ನ ಸೀರೆ ಎಳೆದರು ಅಂದರು, ಮುಖ್ಯಮಂತ್ರಿಯಾದ ಮೇಲೇ ಈ ಸಭೆಗೆ ಕಾಲಿಡೋದು ಅಂತ ಶಪಥ ಮಾಡಿದರು. ಡಿ.ಎಂ.ಕೆ.ಯವರು ಹಾಗೆ ನಡೆಯಲೇ ಇಲ್ಲ ಅಂತ ಇವತ್ತಿಗೂ ಹೇಳ್ತಾರೆ.

ಇಲ್ಲಿ ನಾನು ಹಾಡುಗಾರನಾಗಿ ಒಂದು ಮಾತು ಹೇಳಬೇಕು. ಮಾದಪ್ಪನ ಕಥೆ ಹಾಡುವಾಗ ಶ್ರವಣನ ಸಾಲಿಗೆ ಗಂಡಸರು ತಲೆದೂಗ್ತಾರೆ. ಸಂಕಮ್ಮನ ಸಾಲು ಬಂದಾಗ ಮಾತ್ರ ಹಟ್ಟಿಯ ಹೆಂಗಸರು ಮೊಗ್ಗುಲಿಗೆ ಸರಿದು ಕೂರ್ತಾರೆ. ನೀಲೇಗೌಡ ಬಲಗೈ ಭಾಷೆ ಕೊಡು ಅಂತ ಹೆಂಡತಿಯನ್ನ ಹಿಂಸೆ ಮಾಡ್ತಾನೆ, ಅವಳು ಕೊಡೋದಿಲ್ಲ, ಕಾಡಿನ ಗುಡಿಸಲಲ್ಲಿ ಬಿಟ್ಟು ಹೋಗ್ತಾನೆ. ಅಳದ ಹೆಂಗಸನ್ನ ನಾನು ಕಂಡಿಲ್ಲ. ಕಥೆ ಕೇಳುವಾಗ ಸಂಕಮ್ಮನಲ್ಲಿ ಏನಾದರೂ ತಪ್ಪಿತ್ತಾ ಅಂತ ಯಾರೂ ಕೇಳೋದಿಲ್ಲ. ಗಂಡಸರ ಕೂಟದಲ್ಲಿ ಒಬ್ಬಳೇ ನಿಂತ ಹೆಣ್ಣು, ಅಷ್ಟೇ ಅವರಿಗೆ ಕಾಣೋದು. 1989ರ ಆ ಫೋಟೋ ನಮ್ಮ ಹೆಂಗಸರಿಗೆ ಹಾಗೆ ಕಂಡಿತು. ಆಯಮ್ಮ ಸಂಕಮ್ಮ ಅಲ್ಲ, ಅದು ಬೇರೆ. ಆದರೆ ಆಮೇಲೆ ಆಯಮ್ಮನ ಮೇಲೆ ಬಂದ ಒಂದೊಂದು ಆಪಾದನೆಯನ್ನೂ ಈ ಕಥೆಯ ಮುಂದಿನ ಸಾಲು ಅಂತಲೇ ಅವರು ಕೇಳಿಸಿಕೊಂಡರು. ಮತ್ತೆ ಗಂಡಸರು ಸೇರಿಕೊಂಡು ಕಾಟ ಕೊಡ್ತಾ ಅವರೆ, ಅಂತ.

1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯವರ ಕೊಲೆಯಾಯಿತು. ಅದರ ಹಿಂದೆಯೇ ನಡೆದ ಚುನಾವಣೆಯಲ್ಲಿ ಅಣ್ಣಾ ಡಿ.ಎಂ.ಕೆ., ಕಾಂಗ್ರೆಸ್ಸು ಸೇರಿ 234ರಲ್ಲಿ 225 ಗೆದ್ದರು. ಜೂನ್ 24ಕ್ಕೆ ಆಯಮ್ಮ ಮುಖ್ಯಮಂತ್ರಿ. ತಿಂಗಳಿಗೆ ಒಂದು ರೂಪಾಯಿ ಸಂಬಳ ಸಾಕು ಅಂದರು. 1992ರಲ್ಲಿ ಬೇಡದ ಹೆಣ್ಣು ಕೂಸನ್ನ ಕೊಲ್ಲದೆ ಸರ್ಕಾರಕ್ಕೆ ಕೊಡಿ ಅಂತ ತೊಟ್ಟಿಲು ಯೋಜನೆ, ಹೆಂಗಸರೇ ಇರೋ ಪೊಲೀಸ್ ಸ್ಟೇಷನ್ನು ಇವೆಲ್ಲ ಬಂದವು. ಒಳ್ಳೆಯ ಕೆಲಸ. ಆದರೆ ಅದೇ ವರ್ಷಗಳಲ್ಲಿ ನಡೆದ ಎರಡು ಸಂಗತಿಗಳನ್ನ ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ಅವು ಕಾಡಂಚಿನ ಸಂಗತಿಗಳು.

ಒಂದು, ಧರ್ಮಪುರಿ ಜಿಲ್ಲೆಯ ವಾಚಾತಿ. ಬೆಟ್ಟದ ತಪ್ಪಲಿನ ಮಲಯಾಳಿ ಬುಡಕಟ್ಟಿನವರ ಊರು. 1992ರ ಜೂನ್ 20ರಂದು ಗಂಧದ ಮರ ಬಚ್ಚಿಟ್ಟಿದ್ದಾರೆ ಅಂತ ಅರಣ್ಯ ಇಲಾಖೆ, ಪೊಲೀಸು, ಕಂದಾಯದವರು ಆ ಊರಿಗೆ ನುಗ್ಗಿದರು. ಊರನ್ನ ಸೂರೆ ಮಾಡಿದರು, ಜನರನ್ನ ಹೊಡೆದರು, 18 ಹೆಣ್ಣುಮಕ್ಕಳ ಮಾನ ಕೆಡಿಸಿದರು. ಅಂಥದ್ದು ಆಗಿಲ್ಲ ಅಂತ ಸರ್ಕಾರ ಹೇಳಿತು. ಕಮ್ಯುನಿಸ್ಟರು, ಬುಡಕಟ್ಟು ಸಂಘದವರು ಬಿಡದೆ ಹೋರಾಡಿ ಸಿ.ಬಿ.ಐ. ತನಿಖೆ ಆಯಿತು. 269 ಜನ ಸರ್ಕಾರಿ ನೌಕರರ ಮೇಲೆ ಕೇಸು. 2011ರ ಸೆಪ್ಟೆಂಬರ್ 29ಕ್ಕೆ ತೀರ್ಪು ಬಂದಾಗ ಅವರಲ್ಲಿ 54 ಜನ ಸತ್ತೇಹೋಗಿದ್ದರು. ಉಳಿದ 215 ಜನರಿಗೂ ಶಿಕ್ಷೆ ಆಯಿತು. ಒಬ್ಬನೂ ಬಿಡುಗಡೆ ಆಗಲಿಲ್ಲ. ಹತ್ತೊಂಬತ್ತು ವರ್ಷ ಹಿಡಿಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನ ಎತ್ತಿಹಿಡಿಯಿತು.

ಎರಡನೆಯದು ನಮ್ಮದೇ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ವೀರಪ್ಪನ್ ನೆಲಬಾಂಬು ಸಿಡಿಸಿ 22 ಜನರನ್ನ ಕೊಂದ. ಅದಾದ ಮೇಲೆ ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರದ ಕಾರ್ಯಪಡೆ ಒಟ್ಟಾಗಿ ಕಾಡಿಗೆ ಇಳಿಯಿತು. ವೀರಪ್ಪನಿಗೆ ಅಕ್ಕಿ ಕೊಟ್ಟೆ, ಸುದ್ದಿ ಕೊಟ್ಟೆ ಅಂತ ಸೋಲಿಗರನ್ನ, ಊರಾಳಿಗಳನ್ನ, ದನ ಮೇಯಿಸೋರನ್ನ ಹಿಡಿದುಕೊಂಡು ಹೋದರು. ಮಾದಪ್ಪನ ಬೆಟ್ಟದಲ್ಲಿ 'ವರ್ಕ್‌ಶಾಪ್' ಅಂತ ಒಂದು ಜಾಗ. ಅಲ್ಲಿ ಕರೆಂಟು ಕೊಡ್ತಿದ್ದರು. ಕೆಲವರು ಹೋದವರು ಬರಲೇ ಇಲ್ಲ. ಟಾಡಾ ಕಾನೂನಿನಲ್ಲಿ ಮೈಸೂರು ಜೈಲಿಗೆ ಹಾಕಿದವರಲ್ಲಿ ಬಹುಪಾಲು ಜನ ತಪ್ಪಿಲ್ಲದವರು ಅಂತ 2001ರಲ್ಲಿ ಕೋರ್ಟು ಬಿಟ್ಟಿತು. ವರ್ಷಾನುಗಟ್ಟಳೆ ಒಳಗಿದ್ದ ಮೇಲೆ. ಮಾನವ ಹಕ್ಕು ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಮಾಡಿ ವಿಚಾರಣೆ ನಡೆಸಿತು. 2007ರಲ್ಲಿ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ಪರಿಹಾರ ಕೊಡಿ ಅಂದಿತು. ಎಲ್ಲರಿಗೂ ಒಂದೇ ಮೊತ್ತವಲ್ಲ, ಆದರೂ ಭಾಗಿಸಿ ನೋಡಿದರೆ ತಲೆಗೆ ಮೂರು ಲಕ್ಷದ ಆಸುಪಾಸು. ಇತ್ತ 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತಾಗ ಕಾರ್ಯಪಡೆಯ ಒಬ್ಬೊಬ್ಬರಿಗೂ ಮೂರು ಲಕ್ಷ ರೂಪಾಯಿ, ಒಂದು ಮನೆ ನಿವೇಶನ, ಒಂದು ಬಡ್ತಿ ಅಂತ ಆಯಮ್ಮ ಕೂಡಲೇ ಸಾರಿದ್ದರು. ಏಟು ಹೊಡೆದ ಪಡೆಗೂ ಏಟು ತಿಂದವರಿಗೂ ಬೆಲೆ ಒಂದೇ ಆಯಿತು. ತಿಂದವರು ಇನ್ನೂ ಎರಡು ವರ್ಷಕ್ಕೂ ಮೇಲೆ ಕಾಯಬೇಕಾಯಿತು ಅಷ್ಟೆ.

ಆ ಕಾಲದಲ್ಲಿ ರಾತ್ರಿ ಕಥೆ ಹಾಡೋಕೆ ಹೋಗೋದೂ ಕಷ್ಟ ಇತ್ತು. ತಂಬೂರಿ ಹಿಡಿದು ಕಾಡಂಚಿನ ಹಾದಿಯಲ್ಲಿ ಹೊರಟರೆ ಎಲ್ಲಿಗೆ, ಯಾರ ಹತ್ತಿರಕ್ಕೆ ಅಂತ ತಡೆಯೋರು. ಬೆಟ್ಟದ ಪೋಡುಗಳಲ್ಲಿ ಹರಕೆ ಕಥೆ ಮಾಡಿಸೋದನ್ನೇ ಬಿಟ್ಟರು.

ಈಗ ಕೇಳಬೇಕಾದ್ದು ಇದು. ಇಷ್ಟೆಲ್ಲ ಆದ ಮೇಲೆ ಆ ಪೋಡಿನವರು ಓಟು ಯಾರಿಗೆ ಹಾಕಿದರು? ಎಲ್ಲರೂ ಅಂತ ನಾನು ಹೇಳೋದಿಲ್ಲ. ಆದರೆ ಎಷ್ಟೋ ಜನ ಎರಡೆಲೆಗೇ ಹಾಕಿದರು. ಯಾಕೆ ಅಂದರೆ, ಹೊಡೆದೋನು ಪೊಲೀಸಿನೋನು, ಅಮ್ಮಂಗೆ ಇದೆಲ್ಲ ಎಲ್ಲಿ ಗೊತ್ತಿತ್ತು ಅಂತಾರೆ. ಪೊಲೀಸರಲ್ಲಿ ಕರ್ನಾಟಕದವರೂ ಇದ್ದರು, ಅದೂ ನಿಜ. ಮೇಲಿರೋ ದೊರೆ ಧರ್ಮಾತ್ಮ, ಕೆಳಗಿನ ಪಾರುಪತ್ಯಗಾರ ಕೇಡಿಗ ಅನ್ನೋದು ನಮ್ಮ ಜನ ಅರಸರ ಕಾಲದಿಂದ ಕಟ್ಟಿಕೊಂಡು ಬಂದ ನಂಬಿಕೆ. ಹಾಗಾಗಿ ಅಕ್ಕಿ ಬಂದರೆ ಅಮ್ಮ ಕೊಟ್ಟದ್ದು. ಏಟು ಬಿದ್ದರೆ ಯಾವನೋ ಪೇದೆ ಕೊಟ್ಟದ್ದು. ಅಕ್ಕಿ ಚೀಲ ಹೊತ್ತು ತಂದೋನೂ ಸರ್ಕಾರದ ನೌಕರನೇ, ಲಾಠಿ ಹಿಡಿದು ಬಂದೋನೂ ಸರ್ಕಾರದ ನೌಕರನೇ. ಆದರೆ ಅಕ್ಕಿ ತಂದೋನಿಗೆ ಯಾರೂ ಕೈ ಮುಗಿಯಲಿಲ್ಲ, ಲಾಠಿ ಕಳಿಸಿದೋರನ್ನ ಯಾರೂ ಕೇಳಲಿಲ್ಲ. ನಾನು ಲೆಕ್ಕ ಅಂದದ್ದು ಇದನ್ನೇ. ಜಮಾ ಎಲ್ಲ ಅಮ್ಮನ ಹೆಸರಿಗೆ, ಖರ್ಚೆಲ್ಲ ಬೇರೆಯವರ ಹೆಸರಿಗೆ.

ಹಾಗಂತ ಜನ ಕಣ್ಣು ಮುಚ್ಚಿಕೊಂಡಿದ್ದರು ಅಂದರೂ ತಪ್ಪಾಗ್ತದೆ. ತಮಗೇ ನೇರವಾಗಿ ಬಿಸಿ ತಾಗಿದಾಗ ಎತ್ತಿ ಆಚೆಗೆ ಹಾಕಿದ್ದಾರೆ. 1995ರ ಸೆಪ್ಟೆಂಬರಿನಲ್ಲಿ ಚೆನ್ನೈಯಲ್ಲಿ ಸಾಕುಮಗನ ಮದುವೆ ಆಯಿತು. ಲಕ್ಷಕ್ಕೂ ಮೇಲೆ ಜನ ಉಂಡರಂತೆ. ಆಯಮ್ಮ ಮೈತುಂಬಾ ಒಡವೆ ಹಾಕಿಕೊಂಡ ಫೋಟೋ ಪೇಪರಿನಲ್ಲಿ ಬಂತು. ಒಂದು ರೂಪಾಯಿ ಸಂಬಳದವರಿಗೆ ಇದು ಎಲ್ಲಿಂದ ಬಂತು ಅಂತ ನಮ್ಮ ಹೆಂಗಸರೂ ಕೇಳಿದರು. ಇವರು ಮತ್ತೆ ಬಂದರೆ ತಮಿಳುನಾಡನ್ನ ದೇವರೂ ಕಾಪಾಡಲಾರ ಅನ್ನೋ ಅರ್ಥದಲ್ಲಿ ರಜನಿಕಾಂತ್ ಮಾತಾಡಿದ್ದು ಆಗಲೇ. 1996ರಲ್ಲಿ ಅಣ್ಣಾ ಡಿ.ಎಂ.ಕೆ. 234ರಲ್ಲಿ ಬರೀ 4 ಗೆದ್ದಿತು. ಆಯಮ್ಮನೇ ಬರಗೂರಿನಲ್ಲಿ ಸೋತರು. ನಮ್ಮ ಅಂತಿಯೂರಿನ ಮೇಲಿನ ಬರಗೂರು ಬೆಟ್ಟ ಅಲ್ಲ, ಕೃಷ್ಣಗಿರಿ ಕಡೆಯ ಬರಗೂರು. ಆದರೂ ಆ ಸೋಲಿನಲ್ಲೂ ನೂರಕ್ಕೆ ಇಪ್ಪತ್ತೊಂದು ಓಟು ಎರಡೆಲೆಗೇ ಬಿದ್ದಿತ್ತು. ಐದು ಮನೆಗೆ ಒಂದು ಮನೆ. ಈ ಒಂದು ಮನೆಯವರೇ ಋಣದ ಮನೆಯವರು. ಉಳಿದವರು ಹೋಗಿ ಬಂದು ಮಾಡೋರು.

2003ರದ್ದನ್ನ ಮೇಷ್ಟ್ರುಗಳು ಮರೆತಿರಲಾರರು. ಮುಷ್ಕರ ಹೂಡಿದ ಸರ್ಕಾರಿ ನೌಕರರು, ಉಪಾಧ್ಯಾಯರು ಒಟ್ಟು 1 ಲಕ್ಷ 70 ಸಾವಿರದಷ್ಟು ಜನರನ್ನ ಒಂದೇ ಏಟಿಗೆ ಕೆಲಸದಿಂದ ತೆಗೆದರು. ಸುಪ್ರೀಂ ಕೋರ್ಟಿನ ತನಕ ಹೋಗಿ ಬಹುಪಾಲು ಜನ ವಾಪಸು ಸೇರಿದರು. ರೈತರ ಪಂಪ್‌ಸೆಟ್ಟಿನ ಉಚಿತ ಕರೆಂಟನ್ನೂ ಆ ವರ್ಷವೇ ನಿಲ್ಲಿಸಿದರು. ಬಾವಿ ನೀರು ನಂಬಿ ಆಲೂಗೆಡ್ಡೆ, ಕೋಸು, ಬೀಟ್‌ರೂಟ್ ಇಡೋ ನಮ್ಮಂಥವರಿಗೆ ಅದು ಹೊಟ್ಟೆಗೆ ಬಿದ್ದ ಏಟು. 2004ರ ಮೇ ತಿಂಗಳಲ್ಲಿ ಲೋಕಸಭೆ ಚುನಾವಣೆ. ತಮಿಳುನಾಡಿನ 39ರಲ್ಲಿ ಅಣ್ಣಾ ಡಿ.ಎಂ.ಕೆ.ಗೆ ಒಂದೂ ಇಲ್ಲ. ಫಲಿತಾಂಶ ಬಂದ ವಾರದೊಳಗೇ ಉಚಿತ ಕರೆಂಟು ವಾಪಸು ಬಂತು. ಜನ ಪಾಠ ಹೇಳಿದರು, ಆಯಮ್ಮ ಕಲಿತರು. ಇದನ್ನ ನೋಡಿದ ಮೇಲೆ ಹಳ್ಳಿಯವರಿಗೆ ಓಟಿನ ಬೆಲೆ ಗೊತ್ತಿಲ್ಲ ಅನ್ನೋಕಾಗ್ತದಾ? ಕರೆಂಟು ಕಿತ್ತುಕೊಂಡಾಗ ಎದ್ದ ಓಟು ವಾಚಾತಿಗೆ ಏಕೆ ಏಳಲಿಲ್ಲ ಅಂದರೆ, ಪಂಪ್‌ಸೆಟ್ಟು ಇರೋರು ಬಹಳ ಮಂದಿ. ವಾಚಾತಿ ಒಂದು ಸಣ್ಣ ಊರು. ಸೋಲಿಗರ ಪೋಡುಗಳನ್ನೆಲ್ಲ ಕೂಡಿಸಿದರೂ ಒಬ್ಬ ಎಂ.ಎಲ್.ಎ. ಸೋಲೋಕೆ ಸಾಲದು.

ನಡುವಿನ ಸಂಗತಿ ಬೇಗ ಹೇಳಿಬಿಡ್ತೀನಿ. 1996ರ ಡಿಸೆಂಬರಿನಲ್ಲಿ ಅರೆಸ್ಟು, 1997ರಲ್ಲಿ ಆದಾಯ ಮೀರಿದ ಆಸ್ತಿ ಕೇಸಿನ ಚಾರ್ಜ್‌ಶೀಟು. ಇನ್ನೊಂದು ಕೇಸಿನಲ್ಲಿ ಶಿಕ್ಷೆ ಆಗಿತ್ತು ಅಂತ 2001ರಲ್ಲಿ ನಾಲ್ಕು ಕಡೆ ಹಾಕಿದ ನಾಮಪತ್ರ ನಾಲ್ಕೂ ತಿರಸ್ಕಾರವಾದವು. ತಾವೇ ನಿಲ್ಲೋಕಾಗದ ಚುನಾವಣೆಯನ್ನ ಪಕ್ಷ ಗೆದ್ದಿತು. ಇದು ನನಗೆ ಬಹಳ ದೊಡ್ಡ ಸಂಗತಿ ಅಂತ ಕಾಣ್ತದೆ. ಕೋರ್ಟು ಬೇಡ ಅಂದಷ್ಟೂ ಜನ ಬೇಕು ಅಂದರು. ಮೇ 14ಕ್ಕೆ ಮುಖ್ಯಮಂತ್ರಿ ಆದರು, ಸೆಪ್ಟೆಂಬರ್ 21ಕ್ಕೆ ಸುಪ್ರೀಂ ಕೋರ್ಟು ಅದು ಸಲ್ಲದು ಅಂದಿತು, ಪನ್ನೀರ್‌ಸೆಲ್ವಂ ಬಂದರು. ಆ ಕೇಸಿನಲ್ಲಿ ಖುಲಾಸೆಯಾಗಿ, ಆಂಡಿಪಟ್ಟಿಯಲ್ಲಿ ಗೆದ್ದು, 2002ರ ಮಾರ್ಚಿನಲ್ಲಿ ಮತ್ತೆ ಕುರ್ಚಿ ಹಿಡಿದರು. ಆಸ್ತಿ ಕೇಸು ಚೆನ್ನೈಯಲ್ಲಿ ಸರಿಯಾಗಿ ನಡೆಯಲಾರದು ಅಂತ ಸುಪ್ರೀಂ ಕೋರ್ಟು 2003ರಲ್ಲಿ ಅದನ್ನ ಬೆಂಗಳೂರಿಗೆ ವರ್ಗ ಮಾಡಿತು.

2006ರಲ್ಲಿ ಸೋತರು. ಆಗ ಡಿ.ಎಂ.ಕೆ.ಯವರು ಎರಡು ರೂಪಾಯಿಗೆ ಕೆ.ಜಿ. ಅಕ್ಕಿ, ಬಣ್ಣದ ಟಿ.ವಿ. ಅಂತ ಬಂದರು, ಕೊಟ್ಟರೂ ಕೊಟ್ಟರು. ಆಯಮ್ಮ 2011ರಲ್ಲಿ ಅದನ್ನ ಮೀರಿಸಿದರು. ಜೂನ್ 1ರಿಂದ ಕಾರ್ಡಿಗೆ 20 ಕೆ.ಜಿ. ಅಕ್ಕಿ ಪುಕ್ಕಟೆ. ಮಿಕ್ಸಿ, ಗ್ರೈಂಡರು, ಫ್ಯಾನು. ಪ್ಲಸ್ ಟೂ ಮಕ್ಕಳಿಗೆ ಲ್ಯಾಪ್‌ಟಾಪು. ಹತ್ತನೇ ಕ್ಲಾಸು ಓದಿದ ಬಡ ಹೆಣ್ಣಿನ ಮದುವೆಗೆ 25 ಸಾವಿರ, ಡಿಗ್ರಿ ಓದಿದರೆ 50 ಸಾವಿರ, ಜೊತೆಗೆ ತಾಳಿಗೆ 4 ಗ್ರಾಂ ಚಿನ್ನ. ಗತಿಯಿಲ್ಲದ ಹೆಂಗಸಿಗೆ ನಾಲ್ಕು ಆಡು, ಕೆಲವರಿಗೆ ಹಸು. ಪಟ್ಟಣಗಳಲ್ಲಿ ಒಂದು ರೂಪಾಯಿಗೆ ಇಡ್ಲಿ. ಇದನ್ನೆಲ್ಲ ಲಂಚ ಅನ್ನೋರು ಒಂದು ನೋಡಬೇಕು. ಬೆಳಿಗ್ಗೆ ಒರಳಲ್ಲಿ ರುಬ್ಬಿ, ಹೊಲಕ್ಕೆ ಕಳೆ ಕೀಳೋಕೆ ಹೋಗಿ, ಸಂಜೆ ಸೌದೆ ಹೊತ್ತು ಬಂದು ಮತ್ತೆ ರುಬ್ಬೋ ಹೆಂಗಸಿಗೆ ಗ್ರೈಂಡರು ಅಂದರೆ ದಿನಕ್ಕೆ ಒಂದು ಗಂಟೆ ಆಯಸ್ಸು. ಗಂಡ ತಂದುಕೊಟ್ಟಿರಲಿಲ್ಲ, ಮಗ ತಂದುಕೊಟ್ಟಿರಲಿಲ್ಲ. ಮದುವೆ ದುಡ್ಡಿಗೋಸ್ಕರ ಹೆಣ್ಣುಮಗಳನ್ನ ಹತ್ತನೇ ಕ್ಲಾಸಿನ ತನಕ ಬಿಡಿಸದೆ ಓದಿಸಿದ ಮನೆಗಳು ನಮ್ಮಲ್ಲೇ ಇವೆ. ಈ ಹಣ ಅಮ್ಮನ ಮನೆಯದಲ್ಲ, ನಮ್ಮದೇ ತೆರಿಗೆ ಹಣ, ಸರ್ಕಾರದ ಹೆಂಡದಂಗಡಿಗೆ ನಮ್ಮ ಗಂಡಸರು ಸುರಿದ ಹಣ. ಟಾಸ್ಮಾಕ್ ಲಾಭ ಎಷ್ಟಿತ್ತು ಅಂತ ಹೆಂಗಸರಿಗೆ ಚೆನ್ನಾಗೇ ಗೊತ್ತು. ಆದರೂ ವಸ್ತುವಿನ ಮೇಲೆ ಇದ್ದದ್ದು ಅಮ್ಮನ ಚಿತ್ರ, ಕೈಗೆ ಬಂದದ್ದು ಹೆಂಗಸಿನ ಹೆಸರಿಗೆ.

ಅಷ್ಟರಲ್ಲಿ 2014ರ ಸೆಪ್ಟೆಂಬರ್ 27 ಬಂತು. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಮೈಕೆಲ್ ಡಿ'ಕುನ್ಹಾ ಅವರು ನಾಲ್ಕು ವರ್ಷ ಸಜೆ, 100 ಕೋಟಿ ದಂಡ ಹಾಕಿದರು. 1991ರಿಂದ 96ರ ನಡುವೆ 66 ಕೋಟಿಗೂ ಮೇಲಿನ ಆಸ್ತಿ ಲೆಕ್ಕಕ್ಕೆ ಸಿಗದೆ ಇತ್ತು ಅಂತ ಕೇಸು. ಪರಪ್ಪನ ಅಗ್ರಹಾರದ ಜೈಲು. ನಮಗೆ ಆ ದಿನಗಳು ಬಲು ಪೇಚಿನವು. ಚಾಮರಾಜನಗರದ ನೆಂಟರು ಫೋನು ಮಾಡಿ, ಏನ್ ಮಾವ, ನಿಮ್ಮಮ್ಮ ಈಗ ನಮ್ಮೂರ ಕಡೆ ಬಂದವ್ರಲ್ಲ ಅಂತ ಕಿಚಾಯಿಸೋರು. ಇಲ್ಲಿ ಊರೊಳಗೆ ತಮಿಳರು, ನಿಮ್ಮ ಕರ್ನಾಟಕದೋರು ಕಾವೇರಿ ಸೇಡು ತೀರಿಸಿಕೊಂಡರು ಅನ್ನೋರು. ಕಳಿಸಿದ್ದು ಸುಪ್ರೀಂ ಕೋರ್ಟು, ಕೇಸು ಹಾಕಿದ್ದು ಚೆನ್ನೈಯವರು. ಇದನ್ನ ಯಾರ ಹತ್ತಿರ ಹೇಳೋಣ? ಬೆಂಗಳೂರು ಅನ್ನೋ ಒಂದು ಹೆಸರು ಸಾಕಾಯಿತು. ಕಳ್ಳತನದ ಕೇಸು ಹೋಗಿ ಎರಡು ರಾಜ್ಯದ ಜಗಳ ಆಯಿತು. ನಾಯಕರ ಮೇಲೆ ಹೊರಗಿನವರು ಕೈ ಮಾಡಿದರು ಅಂದ ಕೂಡಲೇ ಒಳಗಿನವರು ಗಟ್ಟಿಯಾಗಿ ಅಂಟಿಕೊಳ್ತಾರೆ. ತೀರ್ಪಿನ ಸುದ್ದಿ ಕೇಳಿ ಸತ್ತವರ ಮನೆಗಳಿಗೆ ಮೂರು ಲಕ್ಷ ಕೊಡ್ತೀವಿ ಅಂತ ಪಕ್ಷ ಹೇಳಿತು. ಮತ್ತೆ ಅದೇ ಮೂರು ಲಕ್ಷ.

2015ರ ಮೇ 11ಕ್ಕೆ ಕರ್ನಾಟಕ ಹೈಕೋರ್ಟು ಖುಲಾಸೆ ಮಾಡಿದಾಗ ಇದೇ ಕರ್ನಾಟಕ ನ್ಯಾಯದ ನಾಡಾಯಿತು, ಪಟಾಕಿ ಹೊಡೆದರು. 2016ರ ಚುನಾವಣೆಯಲ್ಲಿ 134 ಸೀಟು ಗೆದ್ದರು. ಆಳ್ತಾ ಇದ್ದ ಪಕ್ಷವೇ ಮತ್ತೆ ಗೆದ್ದದ್ದು 1984ರ ಎಂ.ಜಿ.ಆರ್. ಆದ ಮೇಲೆ ಅದೇ ಮೊದಲು. ನಮ್ಮ ಭವಾನಿಸಾಗರ ಕ್ಷೇತ್ರವೂ ಎರಡೆಲೆಗೇ. ಇದರಲ್ಲಿ ಒಂದು ಕೇಳಿ. 2013ರಲ್ಲಿ ಇದೇ ಸರ್ಕಾರ ಸತ್ಯಮಂಗಲ ಕಾಡನ್ನ ಹುಲಿ ಸಂರಕ್ಷಣಾ ಪ್ರದೇಶ ಮಾಡಿದಾಗ ನಮ್ಮ ತಾಳವಾಡಿ ಜನ ಒಕ್ಕಲೆಬ್ಬಿಸ್ತಾರೆ ಅಂತ ಹೆದರಿ ಬೀದಿಗೆ ಇಳಿದಿದ್ದರು. ಮೂರು ವರ್ಷದಲ್ಲಿ ಆ ಕೋಪ ಆರಿತ್ತು. ಚುನಾವಣೆ ವರ್ಷ 2016ರಲ್ಲಿ ತಾಳವಾಡಿಯನ್ನ ಬೇರೆ ತಾಲೂಕು ಮಾಡಿದರು. ಒಂದು ಸಹಿಗೆ 27 ತಿರುವು ಇಳಿಯೋದು ತಪ್ಪಿತು. 1956ರಿಂದ ಕಾದದ್ದು ಆಯಮ್ಮನ ಕಾಲದಲ್ಲಿ ಆಯಿತು. ಈ ಒಂದು ಕೆಲಸಕ್ಕೆ ನಾನೂ ಮೆಚ್ಚಿದ್ದೇನೆ, ಸುಳ್ಳೇಕೆ ಹೇಳಲಿ.

ಆ ಸೆಪ್ಟೆಂಬರ್ 22ರಂದು ಆಯಮ್ಮ ಆಸ್ಪತ್ರೆ ಸೇರಿದರು. ಡಿಸೆಂಬರ್ 5ರ ರಾತ್ರಿ ಹೋದರು. ನಮ್ಮ ಹಟ್ಟಿಗಳಲ್ಲಿ ಹೆಂಗಸರು ಸ್ವಂತ ಮನೆಯ ಸಾವಿನ ಹಾಗೆ ಎದೆ ಬಡಿದುಕೊಂಡರು, ತಲೆ ಮೇಲೆ ನೀರು ಹಾಕಿಕೊಂಡರು. ಮುಂದಿನ ಫೆಬ್ರವರಿ 14ಕ್ಕೆ ಸುಪ್ರೀಂ ಕೋರ್ಟು ಹೈಕೋರ್ಟಿನ ಖುಲಾಸೆಯನ್ನ ತೆಗೆದುಹಾಕಿ ಕೆಳಗಿನ ಕೋರ್ಟಿನ ತೀರ್ಪೇ ಸರಿ ಅಂದಿತು. ಉಳಿದ ಮೂವರು ಜೈಲಿಗೆ ಹೋದರು. ಸತ್ತವರ ಮೇಲೆ ಕೇಸು ನಡೆಯೋದಿಲ್ಲವಾದ್ದರಿಂದ ಆಯಮ್ಮನ ಮಟ್ಟಿಗೆ ಅದು ಅಲ್ಲಿಗೆ ನಿಂತಿತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರ್ಟು, ವಶದಲ್ಲಿಟ್ಟಿದ್ದ 27 ಕೆ.ಜಿ. ಚಿನ್ನದೊಡವೆ, ಜಮೀನು ಪತ್ರ ಎಲ್ಲವನ್ನ ತಮಿಳುನಾಡು ಸರ್ಕಾರಕ್ಕೆ ಒಪ್ಪಿಸಿತು. ಟಿ.ವಿ.ಯಲ್ಲಿ ಪೆಟ್ಟಿಗೆಗಳನ್ನ ತೋರಿಸಿದರು. ನೋಡ್ತಾ ಕೂತಿದ್ದ ನಮ್ಮ ಬೀದಿಯ ಒಬ್ಬ ಮುದುಕಿಯನ್ನ ಕೇಳಿದೆ, ಈಗ ಏನಂತೀಯವ್ವ ಅಂತ. ಇಟ್ಕೊಂಡಿದ್ರು ಕನಪ್ಪ, ಇಲ್ಲ ಅಂತೀನಾ, ಆದ್ರೆ ನಂಗೂ ಕೊಟ್ರಲ್ಲ, ಇಟ್ಕೊಂಡು ಕೊಡದೇ ಇರೋರನ್ನ ನಾನು ಏಸು ಜನರನ್ನ ನೋಡಿಲ್ಲ ಅಂದಳು.

2021ರಲ್ಲಿ ರಾಜ್ಯದಲ್ಲಿ ಡಿ.ಎಂ.ಕೆ. ಗೆದ್ದಾಗಲೂ ನಮ್ಮ ಭವಾನಿಸಾಗರ ಎರಡೆಲೆಯನ್ನೇ ಆರಿಸಿತು. ಆಯಮ್ಮ ಸತ್ತು ನಾಲ್ಕು ವರ್ಷ ದಾಟಿತ್ತು. ಬೆಟ್ಟದ ಮೇಲಿನ ಪೋಡುಗಳಲ್ಲಿ ಕಾರ್ಯಪಡೆಯ ಕಾಲದಲ್ಲಿ ಹೋದವರು ಬಾರದ ಮನೆಗಳಿವೆ. ಅಲ್ಲಿಗೂ ರೇಷನ್ ಅಕ್ಕಿ ಹೋಗ್ತದೆ. ಈಗ ಕೊಡ್ತಿರೋದು ಬೇರೆ ಸರ್ಕಾರ. ಯಾವ ಅಕ್ಕಿ ಅಂತ ಕೇಳಿದರೆ ವಯಸ್ಸಾದ ಹೆಂಗಸರು ಇವತ್ತಿಗೂ ಅಮ್ಮನ ಅಕ್ಕಿ ಅಂತಲೇ ಹೇಳೋದು.